ವೇಕ್‌ಫೀಲ್ಡ್ ಎಂಬ ಓಲಾಡುವ ಚೆಂಡು

ಬೇಸ್‌ಬಾಲ್‌ನಲ್ಲಿ ನನಗೆ ತುಂಬಾ ಇಷ್ಟವಾದವನು ಬಾಸ್ಟನ್ ರೆಡ್ ಸಾಕ್ಸ್ ತಂಡದ ಟಿಮ್ ವೇಕ್‌ಫೀಲ್ಡ್. ಅವನದು ನಕಲ್‌ಬಾಲ್. ಬೆರಳ ತುದಿಯಲ್ಲಿ ಹಿಡಿದು, ತಿರುಗದಂತೆ ನಿಧಾನಕ್ಕೆ ಎಸೆಯೋದು. ಗಾಳಿಯಲ್ಲಿ ಓಲಾಡಿದರೆ ಯಾರ ಬ್ಯಾಟಿಗೂ ಸಿಗಲ್ಲ, ಓಲಾಡದಿದ್ದರೆ ಸೀದಾ ಗ್ಯಾಲರಿಗೆ! ಹಾಗಾಗಿ ಒಂದು ದಿನ ಹೀರೋ, ಇನ್ನೊಂದು ದಿನ ಜೀರೋ.

2003ರ ಅಮೆರಿಕನ್ ಲೀಗ್ ಫೈನಲ್‌ನಲ್ಲಿ ಯಾಂಕೀಸ್ ಎದುರು ಎರಡು ಪಂದ್ಯ ಗೆಲ್ಲಿಸಿದ್ದು ಅವನೇ. ಏಳನೇ ಪಂದ್ಯದ 11ನೇ ಇನಿಂಗ್ಸ್‌ನಲ್ಲಿ ಆರನ್ ಬೂನ್‌ಗೆ ಹೋಮ್‌ರನ್ ಕೊಟ್ಟು ಸೋಲಿಸಿದ್ದೂ ಅವನೇ.

2004ರಲ್ಲಿ ಮತ್ತೆ ಯಾಂಕೀಸ್. ಮೂರನೇ ಪಂದ್ಯ ಕೈಜಾರುತ್ತಿದ್ದಾಗ, ಉಳಿದವರು ದಣಿಯಬಾರದೆಂದು ನಾಲ್ಕನೇ ಪಂದ್ಯದ ತನ್ನ ಸರದಿ ಬಿಟ್ಟುಕೊಟ್ಟು ಎಸೆದ. ಆ ದಿನ 19-8ರಲ್ಲಿ ಸೋತರು. ಐದನೆಯದರಲ್ಲಿ ಕೊನೆಯ ಮೂರು ಇನಿಂಗ್ಸ್ ಒಂದೂ ರನ್ ಕೊಡಲಿಲ್ಲ. 0-3ರಿಂದ ಎದ್ದು ನಿಂತ ಬಾಸ್ಟನ್, 86 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು.

2023ರಲ್ಲಿ ವೇಕ್‌ಫೀಲ್ಡ್ ತೀರಿಕೊಂಡ. ಅವನ ಚೆಂಡನ್ನು ನಂಬೋದು ಕಷ್ಟವಿತ್ತು, ಅವನನ್ನಲ್ಲ.