ಹಿಮದ ಗಾಡಿಗೆ ಮೈಸೂರಿನ ಪಾಠ

ಬೈಕು ಕೊಳ್ಳಲು ಹೊರಟವರನ್ನು ನಮ್ಮ ಚನ್ನರಾಯಪಟ್ಟಣದ ಕಡೆ ಜನ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬುದು. ಅದು ಮೈಲೇಜಿನ ಮಾತು. ಎರಡನೆಯದು ‘ಪಿಕಪ್ ಹೆಂಗೈತೆ?’ ಎಂಬುದು. ಮೂರನೆಯ ಪ್ರಶ್ನೆ ಹೆಚ್ಚಾಗಿ ವಯಸ್ಸಾದವರ ಬಾಯಿಂದ ಬರುತ್ತದೆ: ‘ದಾರಿ ಮಧ್ಯೆ ಕೈ ಕೊಡಲ್ಲ ತಾನೆ?’ ಮೊದಲೆರಡಕ್ಕೆ ಅಂಗಡಿಯವನ ಹತ್ತಿರ ಅಂಕಿಗಳಿರುತ್ತವೆ. ಮೂರನೆಯದಕ್ಕೆ ಉತ್ತರ ಯಾವ ಕಾಗದದಲ್ಲೂ ಅಚ್ಚಾಗಿರುವುದಿಲ್ಲ.

ಈ ಮೂರನೆಯ ಪ್ರಶ್ನೆ ಮತ್ತೆ ನನ್ನ ತಲೆಗೆ ಬಂದದ್ದು ಕೆನಡಾದ ಕ್ಯಾಲ್ಗರಿಯಲ್ಲಿರುವ ಅಕ್ಕನ ಮಗನಿಂದ. ‘ಮಾವ, ಸ್ನೋ ಬೈಕ್ ಮಾಡಿಸೋಕೆ ಒಂದು ಡರ್ಟ್ ಬೈಕ್ ತಗೋಬೇಕು. ಪವರ್ ಇರಬೇಕು, ಕೈ ಕೊಡಬಾರದು. ಯಾವ ಎಂಜಿನ್ ಒಳ್ಳೇದು?’ ಎಂದು ಫೋನಿನಲ್ಲಿ ಕೇಳಿದ. ತೆಂಗಿನ ತೋಟ, ಹೇಮಾವತಿ ನಾಲೆಗಳ ಸೀಮೆಯಲ್ಲಿ ಕೂತು ಹಿಮದ ಗಾಡಿಯ ಬಗ್ಗೆ ಹೇಳುವುದು ವಿಚಿತ್ರವೇ. ಆದರೆ ಅವನು ನನ್ನನ್ನು ಕೇಳಿದ್ದಕ್ಕೂ ಕಾರಣವಿತ್ತು. ಅವನು ಹುಡುಗನಾಗಿದ್ದಾಗ ಬಾಗೂರಿನ ಮಣ್ಣುದಾರಿಯಲ್ಲಿ ಕೂತು ತಿರುಗಾಡಿದ್ದು ನನ್ನ ಯೆಜ್ಡಿಯ ಟ್ಯಾಂಕಿನ ಮೇಲೆ. ಶಕ್ತಿಗೂ ನಂಬಿಕೆಗೂ ನಡುವಿನ ಈ ಜಗ್ಗಾಟಕ್ಕೆ ಒಂದು ಇತಿಹಾಸವಿದೆ, ಅದರ ಒಂದು ಅಧ್ಯಾಯ ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೈಸೂರಿನಲ್ಲೇ ನಡೆದಿದೆ.

ಮೊದಲು ಸ್ನೋ ಬೈಕ್ ಎಂದರೇನು ನೋಡೋಣ. ಕಾಡುಮೇಡು, ಕೆಸರುಗದ್ದೆಗಳಲ್ಲಿ ಓಡುವ ಡರ್ಟ್ ಬೈಕಿನ ಮುಂದಿನ ಚಕ್ರ ಕಳಚಿ ಅಲ್ಲಿ ಅಗಲವಾದ ಒಂದು ಸ್ಕೀ ಹಲಗೆ ಕೂರಿಸುತ್ತಾರೆ. ಹಿಂದಿನ ಚಕ್ರದ ಜಾಗಕ್ಕೆ ಯುದ್ಧದ ಟ್ಯಾಂಕಿನದರಂತೆ ಸುತ್ತುವ ರಬ್ಬರಿನ ಪಟ್ಟಿ ಬರುತ್ತದೆ. ಅದಕ್ಕೆ ‘ಟ್ರ್ಯಾಕ್’ ಎನ್ನುತ್ತಾರೆ. ಅದರ ಮೇಲಿನ ಉದ್ದುದ್ದ ರಬ್ಬರ್ ಹಲ್ಲುಗಳು ಹಿಮವನ್ನು ಹಿಂದಕ್ಕೆ ತಳ್ಳುತ್ತ ಗಾಡಿಯನ್ನು ಮುಂದಕ್ಕೆ ಒಯ್ಯುತ್ತವೆ. ಎಂಜಿನ್, ಗೇರು, ಹ್ಯಾಂಡಲ್ ಎಲ್ಲ ಹಳೆಯವೇ. ಅಮೆರಿಕದ ಐಡಹೋ ರಾಜ್ಯದ ಸ್ಯಾಂಡ್‌ಪಾಯಿಂಟ್‌ನ ಆ್ಯಲನ್ ಮ್ಯಾಂಗಮ್ ಕಟ್ಟಿದ ಟಿಂಬರ್‌ಸ್ಲೆಡ್ ಕಂಪನಿ ಇಂಥ ಜೋಡಣೆಗಳನ್ನು ಜನಪ್ರಿಯ ಮಾಡಿತು. 2015ರಲ್ಲಿ ಪೊಲಾರಿಸ್ ಅದನ್ನು ಕೊಂಡಿತು. 2017ರಲ್ಲಿ ಆ್ಯಸ್ಪೆನ್‌ನ ಎಕ್ಸ್ ಗೇಮ್ಸ್‌ನಲ್ಲಿ ಸ್ನೋ ಬೈಕುಗಳ ಓಟ ಸೇರಿಕೊಂಡಿತು.

ಆಟಕ್ಕಿಂತ ಮೊದಲು ಹಿಮದ ಮೇಲೆ ಎಂಜಿನ್ ಓಡಿಸಿದ್ದು ಅಳಲಿನಿಂದ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಊರಿನಲ್ಲಿ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಹೊಟ್ಟೆಯ ಸೋಂಕಿನಿಂದ ಸತ್ತ. ದಾರಿಯೆಲ್ಲ ಹಿಮ ಮುಚ್ಚಿ ಆಸ್ಪತ್ರೆಗೆ ಒಯ್ಯಲು ಆಗಿರಲಿಲ್ಲ. ಅದಕ್ಕೂ ಮುಂಚಿನಿಂದ ಹಿಮದ ಗಾಡಿಯ ಪ್ರಯೋಗ ಮಾಡುತ್ತಿದ್ದ ಆತ ಹಲ್ಲುಗಾಲಿ ಮತ್ತು ರಬ್ಬರ್ ಪಟ್ಟಿಯ ವಿನ್ಯಾಸಕ್ಕೆ 1937ರಲ್ಲಿ ಪೇಟೆಂಟ್ ಪಡೆದ. ಅವನ ಹಗುರವಾದ ‘ಸ್ಕಿ-ಡೂ’ 1959ರಲ್ಲಿ ಮಾರುಕಟ್ಟೆಗೆ ಬಂತು. ಹಾಗಾಗಿ ಈ ಯಂತ್ರಗಳ ಇತಿಹಾಸದಲ್ಲಿ ‘ಕೈ ಕೊಡಬಾರದು’ ಎಂಬುದು ಅನುಕೂಲದ ಮಾತಲ್ಲ, ಜೀವದ ಮಾತು. ನಮ್ಮಲ್ಲಿ ಗಾಡಿ ನಿಂತರೆ ಮುಂದಿನ ಊರಿನ ತನಕ ತಳ್ಳಬಹುದು. ಮೈನಸ್ 20 ಡಿಗ್ರಿಯಲ್ಲಿ, ಸೊಂಟ ಮುಳುಗುವ ಹಿಮದಲ್ಲಿ, ಕತ್ತಲಾಗುವ ಹೊತ್ತಿಗೆ ಎಂಜಿನ್ ನಿಂತರೆ ತಳ್ಳುವುದು ಎಲ್ಲಿಗೆ?

ಸ್ಕಿ-ಡೂ ಬಂದ ಎರಡು ವರ್ಷಕ್ಕೆ, 1961ರಲ್ಲಿ, ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. ಜಾವಾ ಮೂಲತಃ ಜೆಕೊಸ್ಲೊವಾಕಿಯಾದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ತನ್ನ ಹೆಸರಿನ ಮೊದಲ ಎರಡಕ್ಷರವನ್ನೂ, ತಾನು ಹಕ್ಕು ಕೊಂಡಿದ್ದ ಜರ್ಮನಿಯ ವಾಂಡರರ್ ಕಂಪನಿಯ ಮೊದಲ ಎರಡಕ್ಷರವನ್ನೂ ಸೇರಿಸಿ ಈ ಹೆಸರಿಟ್ಟಿದ್ದ. ಮೈಸೂರಿಗೆ ಅದನ್ನು ತಂದವರು ಇರಾನಿ ಕುಟುಂಬದವರು. ಕಾರ್ಖಾನೆಗೆ ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲವಿತ್ತು. 70ರ ದಶಕದಲ್ಲಿ ಹೆಸರು ‘ಯೆಜ್ಡಿ’ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ.

ಆ ಜಾವಾದ ಎಂಜಿನ್ 250 ಸಿಸಿ ವರ್ಗದ್ದು. ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75 ಮಿಲಿಮೀಟರ್. ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು. ಶಕ್ತಿ 12 ಅಶ್ವಶಕ್ತಿಯ ಆಸುಪಾಸು. ಇಂದಿನ ಕಾಲೇಜು ಹುಡುಗರು ನಗುವ ಅಂಕಿ ಅದು. ಆದರೆ ಒಳಗೆ ನೋಡಿದರೆ ಅದರ ಗುಟ್ಟು ತಿಳಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುತ್ತಲೇ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಮುಖ್ಯವಾಗಿ ಚಲಿಸುವ ಭಾಗಗಳು ಮೂರೇ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಎಂಜಿನ್ನಿಗೆ ಬೇಕಾದ ಆಯಿಲನ್ನು ಪೆಟ್ರೋಲಿಗೇ ಬೆರೆಸಿಬಿಟ್ಟರೆ ಆಯಿತು. ಕಿಕ್ಕರ್ ಹೊಡೆದು ಅದೇ ಲಿವರನ್ನು ಮುಂದಕ್ಕೆ ಮಗುಚಿದರೆ ಅದೇ ಗೇರು. ಗೇರು ಒತ್ತಿದಾಗ ಕ್ಲಚ್ ತಾನಾಗಿ ಬಿಡುತ್ತಿತ್ತು.

ಇಂಥ ಎಂಜಿನ್ನನ್ನು ಹುಣಸೆ ಮರದಡಿ ಗೋಣಿತಾಟು ಹಾಸಿಕೊಂಡು ಬಿಚ್ಚಬಹುದಿತ್ತು. ಕಾರ್ಬನ್ ಕೆರೆದು, ರಿಂಗ್ ಬದಲಿಸಿ, ಪ್ಲಗ್ ಒರೆಸಿ ಸಂಜೆಯೊಳಗೆ ಮತ್ತೆ ರಸ್ತೆಗೆ ಬಿಡುವ ಮೆಕ್ಯಾನಿಕ್ಕುಗಳು ಪ್ರತಿ ಹೋಬಳಿಯಲ್ಲೂ ಇದ್ದರು. ತೆಂಗಿನಕಾಯಿ ಮೂಟೆ ಹೊತ್ತು ಸಂತೆಗೆ, ಗರ್ಭಿಣಿಯನ್ನು ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಅದು ಹೋಗಿ ಬರುತ್ತಿತ್ತು. ಮೈಸೂರಿನ ಗಾಡಿಯ ಮೇಲಿನ ನಂಬಿಕೆ ಅರ್ಧ ಕಾರ್ಖಾನೆಯಲ್ಲಿ ತಯಾರಾಗಿತ್ತು. ಉಳಿದರ್ಧ ಈ ಮರದಡಿಯ ಕೈಗಳಲ್ಲಿತ್ತು.

ಇದೇ ಮನೆತನದ ಅಣ್ಣತಮ್ಮಂದಿರು ಅತ್ತ ಯುರೋಪಿನಲ್ಲಿ ಕೆಸರಿನ ಓಟಗಳನ್ನು ಗೆಲ್ಲುತ್ತಿದ್ದರು. ಯುದ್ಧಾನಂತರ ರಾಷ್ಟ್ರೀಕರಣವಾದ ಜೆಕ್ ಉದ್ಯಮದಲ್ಲಿ ಜಾವಾ ಮತ್ತು ಸ್ಟ್ರಾಕೊನಿಟ್ಸೆಯ ‘ಚೆಝಡ್’ ಜೊತೆಯಾಗಿ ಬೆಳೆದವು. ಚೆಝಡ್‌ನ ಟೂ ಸ್ಟ್ರೋಕ್ ಏರಿ ಬೆಲ್ಜಿಯಂನ ಜೋಯೆಲ್ ರೋಬೆರ್ 1964, 1968, 1969ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ 1968ರವರೆಗೆ ಸತತ ಮೂರು ವರ್ಷ 500 ಸಿಸಿ ಕಿರೀಟ ಗೆದ್ದ. ಅಲ್ಲಿಯವರೆಗೆ ಆ ದೊಡ್ಡ ವರ್ಗ ಭಾರವಾದ ಫೋರ್ ಸ್ಟ್ರೋಕ್‌ಗಳದಾಗಿತ್ತು. ಹಗುರವಾದ, ಸರಳವಾದ ಗಾಡಿ ಗುಂಡಿ ದಿಣ್ಣೆಗಳಲ್ಲಿ ಬಲವಾದ ಗಾಡಿಯನ್ನು ಹಿಂದೆ ಹಾಕಿತು. ಮುಂದಿನ ಮೂರು ದಶಕ ಡರ್ಟ್ ಬೈಕ್ ಎಂದರೆ ಟೂ ಸ್ಟ್ರೋಕ್ ಎಂದೇ ಆಯಿತು.

ತಿರುವು ಬಂದದ್ದು 1997ರಲ್ಲಿ. ಲಾಸ್ ವೇಗಸ್‌ನ ಸೂಪರ್‌ಕ್ರಾಸ್ ಓಟವನ್ನು ಡಗ್ ಹೆನ್ರಿ ಯಮಾಹಾದ 400 ಸಿಸಿ ಫೋರ್ ಸ್ಟ್ರೋಕ್ ಏರಿ ಗೆದ್ದ. ಮರುವರ್ಷ ಅದೇ ಮಾದರಿ ಅಂಗಡಿಗೆ ಬಂತು. ಅಮೆರಿಕದ ನಿಯಮಗಳು 250 ಸಿಸಿ ಟೂ ಸ್ಟ್ರೋಕ್ ಎದುರು ಹೆಚ್ಚು ಸಿಸಿಯ ಫೋರ್ ಸ್ಟ್ರೋಕ್‌ಗೆ ಅವಕಾಶ ಕೊಟ್ಟಿದ್ದವು. ಕೆಲವೇ ವರ್ಷಗಳಲ್ಲಿ 450 ಸಿಸಿ ವರ್ಗ ನೆಲೆಗೊಂಡಿತು. ಭಾರತದ ರಸ್ತೆಯಲ್ಲಿ ಈ ಬದಲಾವಣೆ ಅದಕ್ಕಿಂತ ಮೊದಲೇ ಶುರುವಾಗಿತ್ತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಮೈಲೇಜಿನಿಂದಲೇ ಟೂ ಸ್ಟ್ರೋಕ್‌ಗಳನ್ನು ಮೂಲೆಗೆ ತಳ್ಳಿತು. ಹೊಗೆಯ ನಿಯಮಗಳು ಬಿಗಿಯಾಗುತ್ತ ಹೋದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು.

ಈಗ ಹಿಮಕ್ಕೆ ಬರೋಣ. ಡರ್ಟ್ ಬೈಕಿನ ಎಂಜಿನ್ ಹಿಮದಲ್ಲಿ ಎದುರಿಸುವ ಕಷ್ಟಗಳು ನಮ್ಮ ಕಡೆಯ ಕಷ್ಟಗಳಿಗೆ ತಿರುವುಮುರುವು. ಮಣ್ಣಿನಲ್ಲಿ ಸವಾರ ಆಗಾಗ ಆಕ್ಸಿಲರೇಟರ್ ಬಿಡುತ್ತಾನೆ, ಎಂಜಿನ್ ಉಸಿರಾಡಿಕೊಳ್ಳುತ್ತದೆ. ಆಳದ ಹಿಮ ಗಾಡಿಯನ್ನು ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಗಾಡಿ ಹೂತುಕೊಳ್ಳುತ್ತದೆ. ನಿಮಿಷಗಟ್ಟಲೆ ಪೂರ್ತಿ ಹೊರೆಯಲ್ಲೇ ದುಡಿಯಬೇಕು. ಹಾಗಿದ್ದೂ ರೇಡಿಯೇಟರಿಗೆ ಹಿಮ ಬಡಿದು ಎಂಜಿನ್ ಅತಿಯಾಗಿ ತಣ್ಣಗಾಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿ ಉರಿಯದೆ ಆಯಿಲಿಗೆ ಇಳಿಯುತ್ತದೆ, ನೀರಿನ ಹನಿ ಕಟ್ಟುತ್ತದೆ, ಆಯಿಲ್ ಕೆಡುತ್ತದೆ. ಇನ್ನೂ ಚಿಕ್ಕದೊಂದು ಶತ್ರುವಿದೆ: ಎಂಜಿನ್ನಿನ ಒಳಗಿನ ಒತ್ತಡ ಹೊರಹೋಗುವ ಬ್ರೀದರ್ ಪೈಪು. ಅದರ ಬಾಯಲ್ಲಿ ಮಂಜು ಕಟ್ಟಿದರೆ ಒತ್ತಡ ಒಳಗೇ ಉಳಿದು ಆಯಿಲ್ ಸೀಲುಗಳನ್ನು ಹೊರಗೆ ದಬ್ಬುತ್ತದೆ. ಬೆರಳು ಗಾತ್ರದ ಪೈಪು ದೊಡ್ಡ ಎಂಜಿನ್ನನ್ನು ಕೆಡವುತ್ತದೆ.

ಗಾಳಿಯ ಲೆಕ್ಕವೂ ಬೇರೆ. 27 ಡಿಗ್ರಿಯ ಗಾಳಿಗಿಂತ ಮೈನಸ್ 15 ಡಿಗ್ರಿಯ ಗಾಳಿ, ಒತ್ತಡ ಒಂದೇ ಇದ್ದರೆ, ಸುಮಾರು ಶೇ. 16ರಷ್ಟು ದಟ್ಟ. ಅದಕ್ಕೆ ತಕ್ಕಷ್ಟು ಹೆಚ್ಚು ಪೆಟ್ರೋಲು ಬೇಕು. ಆದರೆ ಬೆಟ್ಟ ಹತ್ತುತ್ತ 2400 ಮೀಟರ್ ತಲುಪಿದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ, ಎಂಜಿನ್ನಿನ ಬಲವೂ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಕಾರ್ಬ್ಯುರೇಟರಿನ ಜೆಟ್ಟನ್ನು ಬುಡದಲ್ಲಿ ಹೊಂದಿಸಿದರೆ ತುದಿಯಲ್ಲಿ ತಪ್ಪುತ್ತದೆ. ಪೆಟ್ರೋಲು ಕಡಿಮೆಯಾದರೆ ಟೂ ಸ್ಟ್ರೋಕ್ ಸೀಜ್ ಆಗುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಈ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ. 2008ರ ಸುಜುಕಿ ಆರ್‌ಎಂ-ಝಡ್ 450 ಮೋಟೋಕ್ರಾಸ್ ಬೈಕಿನಲ್ಲಿ ಅದು ಇತ್ತು.

ಶಕ್ತಿ ಎಷ್ಟು ಬೇಕು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. 2021ರ ಡಿಸೆಂಬರ್ 16ರಂದು ರಾಯಲ್ ಎನ್‌ಫೀಲ್ಡ್‌ನ ಎರಡು ಹಿಮಾಲಯನ್ ಬೈಕುಗಳು ದಕ್ಷಿಣ ಧ್ರುವ ತಲುಪಿದವು. 411 ಸಿಸಿ, ಸುಮಾರು 24 ಅಶ್ವಶಕ್ತಿಯ ಸಾಧಾರಣ ಎಂಜಿನ್ ಅದು. ಆ ಯಾತ್ರೆಗೆ ಅವರು ಮಾಡಿಕೊಂಡ ಬದಲಾವಣೆಗಳನ್ನು ನೋಡಿ: ಮುಂದಿನ ಸ್ಪ್ರಾಕೆಟ್ಟನ್ನು 15 ಹಲ್ಲಿನಿಂದ 13 ಹಲ್ಲಿಗೆ ಇಳಿಸಿದರು, ಮೊಳೆಗಳಿರುವ ಟ್ಯೂಬ್‌ಲೆಸ್ ಟೈರು ಹಾಕಿ ಗಾಳಿ ಕಡಿಮೆ ತುಂಬಿದರು, ಸವಾರರ ಬಿಸಿ ಉಡುಪಿಗೆ ಕರೆಂಟು ಸಾಲಲೆಂದು ಆಲ್ಟರ್ನೇಟರನ್ನು ಬಲಪಡಿಸಿದರು. ಎರಡು ಹಲ್ಲು ಕಡಿಮೆಯಾದದ್ದರಿಂದ ಚಕ್ರಕ್ಕೆ ಸಿಗುವ ಎಳೆತ ಶೇ. 15ರಷ್ಟು ಹೆಚ್ಚಿತು. ವೇಗ ಅದಕ್ಕೆ ತಕ್ಕಂತೆ ಇಳಿಯಿತು, ಆದರೆ ಅಲ್ಲಿ ವೇಗದ ಅವಸರ ಯಾರಿಗಿತ್ತು?

ಅಷ್ಟು ಬಲ ಸಾಕಾದದ್ದು ಚಕ್ರಕ್ಕೆ, ಅದೂ ಗಟ್ಟಿಯಾಗಿ ಒತ್ತಿದ ಹಿಮದ ದಾರಿಯಲ್ಲಿ. ಪುಡಿಹಿಮದಲ್ಲಿ ಟ್ರ್ಯಾಕ್ ತಿರುಗಿಸಲು ಅದು ಸಾಲದು. ಅದಕ್ಕೇ ನನ್ನ ಸೋದರಳಿಯನಿಗೆ ಹೇಳಿದ್ದು ಇಷ್ಟು: 450 ಸಿಸಿಯ, ನೀರಿನಿಂದ ತಣಿಯುವ, ಫ್ಯೂಯೆಲ್ ಇಂಜೆಕ್ಷನ್ ಇರುವ ಫೋರ್ ಸ್ಟ್ರೋಕ್ ತಗೋ. 50ರಿಂದ 60 ಅಶ್ವಶಕ್ತಿ ಸಿಗುತ್ತದೆ, ಕೆಳಗಿನ ಸುತ್ತಿನಿಂದಲೇ ಎಳೆತವಿರುತ್ತದೆ. ದೊಡ್ಡ ಸ್ನೋಮೊಬೈಲ್‌ಗಳಿಗೆ ಅದರ ಎರಡು ಮೂರು ಪಟ್ಟು ಬಲವಿದ್ದರೂ ಮರಗಳ ಸಂದಿಯಲ್ಲಿ ಹಗುರ ಗಾಡಿಯೇ ಮೇಲು. ಯಮಾಹಾದ ವೈಝಡ್ 450 ಎಫ್‌ನಲ್ಲಿ 2010ರಿಂದ ಗಾಳಿ ಎಳೆಯುವ ಬಾಯಿ ಎಂಜಿನ್ನಿನ ಮುಂದೆ, ಟ್ಯಾಂಕಿನ ಬಳಿ ಇದೆ. ಟ್ರ್ಯಾಕ್ ಎರಚುವ ಹಿಮದಿಂದ ಅದು ದೂರ. ಓಟದ ಎಂಜಿನ್ನಿಗಿಂತ ನಿಧಾನ ಸ್ವಭಾವದ್ದು ಬೇಕಿದ್ದರೆ ದೂರದ ದಾರಿಗೆಂದೇ ಮಾಡಿದ ಎಂಡ್ಯೂರೋ ಮಾದರಿಗಳಿವೆ. ಯಾವುದು ತಗೊಂಡರೂ ಥರ್ಮೋಸ್ಟಾಟ್ ಕೂರಿಸು, ಬ್ರೀದರ್ ಪೈಪನ್ನು ಬಿಸಿ ಇರುವ ಜಾಗಕ್ಕೆ ತಿರುಗಿಸು, ಆಯಿಲನ್ನು ಗಂಟೆ ಲೆಕ್ಕದಲ್ಲಿ ಬದಲಿಸು, ಕಿಕ್ಕರ್ ಇರುವ ಗಾಡಿ ಸಿಕ್ಕರೆ ಬಿಡಬೇಡ. ಚಳಿಗೆ ಮೊದಲು ಸೋಲುವುದು ಬ್ಯಾಟರಿ.

ಇಷ್ಟೆಲ್ಲ ಹೇಳಿ ಕೊನೆಗೆ ಒಂದು ಮಾತು ಸೇರಿಸಿದೆ: ನಿನ್ನ ಊರಿನ ಮೆಕ್ಯಾನಿಕ್ ಯಾವ ಎಂಜಿನ್ನನ್ನು ಕಣ್ಣು ಮುಚ್ಚಿ ಬಿಚ್ಚುತ್ತಾನೋ ವಿಚಾರಿಸಿ, ಅದನ್ನೇ ತಗೋ. ಎರಡು ಅಶ್ವಶಕ್ತಿ ಕಡಿಮೆಯಾದರೂ ಚಿಂತೆಯಿಲ್ಲ.

ಇದು ಮೈಸೂರಿನ ಪಾಠ. 2018ರಲ್ಲಿ ಜಾವಾ ಹೆಸರು ಮರಳಿ ಬಂತು. ಎಂಜಿನ್ ಫೋರ್ ಸ್ಟ್ರೋಕ್, 293 ಸಿಸಿ, ನೀರಿನಿಂದ ತಣಿಯುವಂಥದ್ದು. ತಯಾರಾಗುವುದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. ಆದರೆ ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಪ್ರತಿ ಜುಲೈನ ಎರಡನೇ ಭಾನುವಾರ, ಜಾವಾ ದಿನದಂದು, ಮೈಸೂರು ಬೆಂಗಳೂರುಗಳ ರಸ್ತೆಗಳಲ್ಲಿ ಹಳೆಯ ಗಾಡಿಗಳು ನೀಲಿ ಹೊಗೆ ಬಿಡುತ್ತ ಸಾಲುಗಟ್ಟುತ್ತವೆ. ಅವುಗಳ ಪಿಸ್ಟನ್ನು, ರಿಂಗು, ಕೇಬಲ್ಲುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಕೂರಿಸುವವರು ಇನ್ನೂ ಇದ್ದಾರೆ. ಅವರು ಇರುವ ತನಕ ಆ 12 ಅಶ್ವಶಕ್ತಿ ಕೈ ಕೊಡುವುದಿಲ್ಲ.