ಹಣ ಕೊಟ್ಟವನದೇ ಎಂಜಿನ್ನು?

ಅಮೆರಿಕದ ವಾಹನ ಡೀಲರುಗಳ ಸರ್ವಿಸ್ ವಿಭಾಗದಲ್ಲಿ ಒಂದು ಪ್ರಶ್ನೆ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಕೇಳಿಬರುತ್ತಿದೆ. 'ಈ ಡೀಸೆಲ್ ಟ್ರಕ್ಕಿಗೆ ಇಂಥದ್ದೊಂದು ಸಾಮಾನು ಹಾಕಿಸಿದರೆ ವಾರಂಟಿ ಹೋಗುತ್ತದೆಯೇ?' ಕೇಳುವವನು ರೈತನಿರಬಹುದು, ಕಟ್ಟಡದ ಗುತ್ತಿಗೆದಾರನಿರಬಹುದು, ಕುದುರೆಗಳನ್ನು ಟ್ರೇಲರಿನಲ್ಲಿ ಸಾಗಿಸುವವನಿರಬಹುದು. ಪ್ರಶ್ನೆ ಹಳೆಯದೇ ಆದರೂ ಉತ್ತರ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯ ಹಿಂದೆ ಒಂದು ಯಂತ್ರದ ಚರಿತ್ರೆಯೂ ಇದೆ, ಒಂದು ಕಾನೂನಿನ ಚರಿತ್ರೆಯೂ ಇದೆ.

ಇಲ್ಲಿ ಟ್ರಕ್ ಎಂದರೆ ನಮ್ಮ ಲಾರಿಯಲ್ಲ. ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್. 1970ರ ದಶಕದ ತೈಲ ಬಿಕ್ಕಟ್ಟಿನ ತನಕ ಇವೆಲ್ಲ ಹೆಚ್ಚುಕಡಿಮೆ ಪೆಟ್ರೋಲ್ ಗಾಡಿಗಳೇ. ಆಮೇಲೆ ಜನರಲ್ ಮೋಟಾರ್ಸ್ 1982ರಲ್ಲಿ, ಫೋರ್ಡ್ 1983ರಲ್ಲಿ ಡೀಸೆಲ್ ಮಾದರಿಗಳನ್ನು ತಂದವು. ಮಿತವ್ಯಯವೇನೋ ಸಿಕ್ಕಿತು, ಆದರೆ ಟರ್ಬೋ ಇಲ್ಲದ ಆ ಎಂಜಿನ್‌ಗಳಲ್ಲಿ ಹುಮ್ಮಸ್ಸಿರಲಿಲ್ಲ.

ಕಥೆ ನಿಜವಾಗಿ ಶುರುವಾದದ್ದು 1989ರ ಡಾಜ್ ಪಿಕಪ್ಪಿನಿಂದ. ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಕಮಿನ್ಸ್ ಕಂಪನಿ ದುಡಿಮೆಯ ಯಂತ್ರಗಳಿಗೆಂದು ರೂಪಿಸಿದ್ದ ಆರು ಸಿಲಿಂಡರಿನ, 5.9 ಲೀಟರಿನ ಟರ್ಬೋ ಎಂಜಿನ್ನನ್ನು ಈ ಪಿಕಪ್ಪಿಗೆ ಕೂರಿಸಲಾಯಿತು. ಶಕ್ತಿ 160 ಅಶ್ವಶಕ್ತಿ ಮಾತ್ರ. ಎಳೆತದ ಬಲವಾದ ಟಾರ್ಕ್ 400 ಪೌಂಡ್-ಅಡಿ, ಅಂದರೆ ಸುಮಾರು 540 ನ್ಯೂಟನ್ ಮೀಟರ್. ಎಂಜಿನ್ನಿನ ಕಬ್ಬಿಣ ಇದರ ಎಷ್ಟೋ ಪಾಲು ಹೆಚ್ಚು ತಾಳಬಲ್ಲದು ಎಂಬುದು ಕೊಂಡವರಿಗೆ ಬೇಗನೇ ತಿಳಿಯಿತು.

ಡೀಸೆಲ್ ಎಂಜಿನ್ನಿನ ಗುಟ್ಟು ಇರುವುದೇ ಇಲ್ಲಿ. ಪೆಟ್ರೋಲ್ ಎಂಜಿನ್ನಿನಲ್ಲಿ ಒಳಹೋಗುವ ಗಾಳಿಯನ್ನು ಹಿಡಿದು ಬಿಟ್ಟು ವೇಗ ನಿಯಂತ್ರಿಸುತ್ತಾರೆ. ಡೀಸೆಲ್‌ನಲ್ಲಿ ಗಾಳಿಗೆ ಅಂಥ ಕಟ್ಟಿಲ್ಲ. ಎಷ್ಟು ಇಂಧನ ಚಿಮ್ಮಿಸಿದರೆ ಅಷ್ಟು ಶಕ್ತಿ. ಗಾಳಿ ಸಾಲದಾದಾಗ ಕಪ್ಪು ಹೊಗೆ. ಹೀಗಾಗಿ ಇಂಧನವನ್ನು ಅಳೆದು ಕೊಡುವ ಇಂಜೆಕ್ಷನ್ ಪಂಪೇ ಇಲ್ಲಿ ಯಜಮಾನ. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಈ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಎಂಜಿನ್ ರಸ್ತೆಯಲ್ಲಿ ನೆಲೆಯೂರಿದ್ದು. ಬೆಂಗಳೂರಿಗೂ ಈ ಪಂಪಿಗೂ ಹಳೆಯ ನಂಟು. 1951ರಲ್ಲಿ ಸ್ಥಾಪನೆಯಾದ ಮೈಕೋ ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದುದು ಬಾಷ್ ವಿನ್ಯಾಸದ ಡೀಸೆಲ್ ಉಪಕರಣಗಳನ್ನೇ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಬಡಾವಣೆಯ ಹೆಸರಿನಲ್ಲಿ ಮೈಕೋ ಉಳಿದುಕೊಂಡಿದೆ.

ಡಾಜ್ ಟ್ರಕ್ಕಿನ ಪಂಪೂ ಬಾಷ್‌ನದೇ. ಮೊದಲ ಮಾದರಿಯಲ್ಲಿ ಇಂಧನದ ಪ್ರಮಾಣ ನಿಗದಿಪಡಿಸುವ ಒಂದು ಸ್ಕ್ರೂ ಇತ್ತು. ಅದನ್ನು ಹೆಚ್ಚು ತಿರುಗಿಸದಂತೆ ಕಾರ್ಖಾನೆಯಲ್ಲೇ ಒಂದು ತಡೆ ಹಾಕಿರುತ್ತಿದ್ದರು. ತಡೆ ತೆಗೆದು ಸ್ಕ್ರೂ ತಿರುಗಿಸಿದರೆ ಟ್ರಕ್ಕಿಗೆ ಹೊಸ ಪ್ರಾಣ! 1994ರ ಮಾದರಿಯಿಂದ ಬಂದ ಪಿ7100 ಪಂಪಿನೊಳಗೆ ಇಂಧನಕ್ಕೆ ಮಿತಿ ಹಾಕುವ ಸಣ್ಣ ಲೋಹದ ತಗಡು. ಅದನ್ನು ಸರಿಸಿ ಕೂರಿಸಿದರೆ, ಇಲ್ಲವೇ ಅರದಿಂದ ಉಜ್ಜಿ ಆಕಾರ ಬದಲಿಸಿದರೆ ಕೆಲಸ ಮುಗಿಯಿತು. ಆದರೆ ಹೆಚ್ಚು ಇಂಧನವೆಂದರೆ ಹೆಚ್ಚು ಬಿಸಿ. ಭಾರ ಎಳೆದು ಗುಡ್ಡ ಹತ್ತುವಾಗ ಹೊಗೆಯ ಉಷ್ಣತೆ 700 ಡಿಗ್ರಿ ಸೆಲ್ಸಿಯಸ್ ದಾಟಿ ಹಾಗೇ ನಿಂತರೆ ಅಲ್ಯೂಮಿನಿಯಂ ಪಿಸ್ಟನ್ನುಗಳಿಗೆ ಅಪಾಯ. ತಿಳಿದವರು ಮೊದಲು ಉಷ್ಣಮಾಪಕ ಹಾಕಿಸಿ ಆಮೇಲೆ ಸ್ಕ್ರೂ ಮುಟ್ಟುತ್ತಿದ್ದರು. ತಿಳಿಯದವರು ಪಿಸ್ಟನ್ ಕರಗಿಸಿಕೊಂಡು ಸರ್ವಿಸ್ ಕೌಂಟರಿಗೆ ಬರುತ್ತಿದ್ದರು.

ಆಗ ನೆನಪಾಗುತ್ತಿದ್ದುದು 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ. ಸೆನೆಟರ್ ವಾರನ್ ಮ್ಯಾಗ್ನಸನ್ ಮತ್ತು ಪ್ರತಿನಿಧಿ ಸಭೆಯ ಜಾನ್ ಮಾಸ್ ಅವರ ಹೆಸರಿನ ಈ ಕಾಯ್ದೆಯ ಪ್ರಕಾರ, ಕಂಪನಿ ತನ್ನದೇ ಬಿಡಿಭಾಗ ಬಳಸಬೇಕೆಂಬ ಷರತ್ತಿನ ಮೇಲೆ ವಾರಂಟಿ ಕೊಡುವಂತಿಲ್ಲ. ಟ್ರಕ್ ಪ್ರಿಯರು ಇದನ್ನೊಂದು ವಜ್ರಕವಚವೆಂದೇ ಭಾವಿಸಿದರು. ಕಾಯ್ದೆ ಅಷ್ಟು ಉದಾರಿಯಲ್ಲ. ಹೊರಗಿನ ಬಿಡಿಭಾಗವೇ ಹಾನಿಗೆ ಕಾರಣವೆಂದು ತೋರಿಸಿದರೆ ಆ ದುರಸ್ತಿಯನ್ನು ನಿರಾಕರಿಸಬಹುದು. ಬೇರೆ ಸೈಲೆನ್ಸರ್ ಹಾಕಿದ ಗಾಡಿಯ ಕಿಟಕಿ ಕೆಟ್ಟರೆ ಕಂಪನಿ ರಿಪೇರಿ ಮಾಡಿಕೊಡಲೇಬೇಕು. ಪಂಪಿನ ಮಿತಿ ಕಿತ್ತ ಗಾಡಿಯ ಪಿಸ್ಟನ್ ಕರಗಿದರೆ ಕಷ್ಟ.

ಕೌಂಟರಿನಲ್ಲಿ ಕುಳಿತವನ ಪಾಡನ್ನೂ ನೋಡಬೇಕು. ಅಮೆರಿಕದ ಡೀಲರು ಸಾಮಾನ್ಯವಾಗಿ ಸ್ವತಂತ್ರ ವ್ಯಾಪಾರಿ. ವಾರಂಟಿ ಕೆಲಸಕ್ಕೆ ಅವನಿಗೆ ಹಣ ಕೊಡುವುದು ಕಂಪನಿ. ಲೆಕ್ಕ ತನಿಖೆಯಲ್ಲಿ ದುರಸ್ತಿ ನ್ಯಾಯವಲ್ಲವೆಂದು ಕಂಡರೆ ಕಂಪನಿ ಕೊಟ್ಟ ಹಣವನ್ನು ವಾಪಸು ಪಡೆಯಬಹುದು. ಗಿರಾಕಿಯನ್ನೂ ಕಳೆದುಕೊಳ್ಳುವಂತಿಲ್ಲ, ಕಂಪನಿಯ ಕಣ್ಣೂ ತಪ್ಪಿಸುವಂತಿಲ್ಲ. ಅಡಕತ್ತರಿಯ ಅಡಕೆಯೆಂದರೆ ಇವನೇ.

1998ರ ಹೊತ್ತಿಗೆ ಡಾಜ್‌ಗೆ ಎಲೆಕ್ಟ್ರಾನಿಕ್ ಪಂಪ್ ಬಂತು. 2001ರಲ್ಲಿ ಜನರಲ್ ಮೋಟಾರ್ಸ್ ಇಸುಜು ಜೊತೆಗೂಡಿ ಡ್ಯುರಾಮ್ಯಾಕ್ಸ್ ಎಂಜಿನ್ ತಂದಿತು. ಅರ, ಸ್ಪ್ಯಾನರುಗಳ ಜಾಗಕ್ಕೆ ಕಂಪ್ಯೂಟರ್ ಬಂದು ಕುಳಿತಿತು. ಅಂಗೈಯಗಲದ ಪೆಟ್ಟಿಗೆಯೊಂದನ್ನು ಗಾಡಿಗೆ ಜೋಡಿಸಿದರೆ ನಿಮಿಷಗಳಲ್ಲಿ ಹತ್ತಾರು ಅಶ್ವಶಕ್ತಿ ಹೆಚ್ಚು! ಸರ್ವಿಸಿಗೆ ಒಯ್ಯುವ ಮುನ್ನ ಪೆಟ್ಟಿಗೆ ಕಳಚಿ, ಹಳೆಯ ಪ್ರೋಗ್ರಾಮನ್ನು ಮತ್ತೆ ತುಂಬಿದರೆ ಸಾಕ್ಷಿಯೇ ಉಳಿಯದೆಂಬ ನಂಬಿಕೆ. ಕಂಪನಿಗಳು ಸುಮ್ಮನಿರಲಿಲ್ಲ. ಎಂಜಿನ್ನಿನ ದೊಡ್ಡ ಭಾಗ ಬದಲಿಸುವ ಮೊದಲು ಕಂಪ್ಯೂಟರಿನ ಪ್ರೋಗ್ರಾಮ್ ಗುರುತುಸಂಖ್ಯೆಯನ್ನು ದಾಖಲಿಸಿಕೊಳ್ಳಬೇಕೆಂದು ಜನರಲ್ ಮೋಟಾರ್ಸ್ ತನ್ನ ಡೀಲರುಗಳಿಗೆ ಸೂಚಿಸಿತು.

ಅಲ್ಲಿಯವರೆಗೆ ಇದು ವಾರಂಟಿಯ ತಕರಾರು. ಹೊಸ ಮಾಲಿನ್ಯ ನಿಯಮಗಳಿಂದಾಗಿ 2007ರ ನಂತರ ಮಸಿ ಹಿಡಿಯುವ ಫಿಲ್ಟರುಗಳು ಬಂದ ಮೇಲೆ ವಿಷಯ ಬೇರೆಯೇ ಆಯಿತು. ಫಿಲ್ಟರು ತುಂಬಿದಾಗ ಹೆಚ್ಚು ಇಂಧನ ಸುಟ್ಟು ಅದನ್ನು ಶುಚಿ ಮಾಡಬೇಕು. ಗಂಧಕ ಕಡಿಮೆಯಿರುವ ಡೀಸೆಲ್ಲೇ ಬೇಕು. ಕೆಟ್ಟರೆ ಸಾವಿರಾರು ಡಾಲರ್ ಖರ್ಚು. ದುಡಿಯುವ ಗಾಡಿ ಕೊಟ್ಟಿಗೆಯಲ್ಲಿ ನಿಂತರೆ ರೈತ ರೇಗುವುದು ಸಹಜವೇ. ಫಿಲ್ಟರನ್ನು ಕಿತ್ತೆಸೆದು ಕಂಪ್ಯೂಟರಿಗೆ ಸುಳ್ಳು ಹೇಳುವ ಈ ಕೆಲಸಕ್ಕೆ 'ಡಿಲೀಟ್' ಎಂಬ ಹೆಸರು ಹುಟ್ಟಿತು.

ಇಲ್ಲಿ ಡೀಲರನ ಕೈಗಳನ್ನು ಕಾನೂನು ಬಹಳ ಹಿಂದೆಯೇ ಕಟ್ಟಿಹಾಕಿತ್ತು. 1970ರ ಶುದ್ಧ ಗಾಳಿ ಕಾಯ್ದೆ ತಯಾರಕರು ಮತ್ತು ಡೀಲರುಗಳು ಮಾಲಿನ್ಯ ನಿಯಂತ್ರಣದ ಸಾಧನಗಳನ್ನು ತೆಗೆಯದಂತೆ ತಡೆದಿತ್ತು. 1977ರಲ್ಲಿ ಗ್ಯಾರೇಜುಗಳು, 1990ರಲ್ಲಿ ಉಳಿದ ಎಲ್ಲರೂ ಆ ಬಲೆಯೊಳಗೆ ಬಂದರು. ಅಂಥ ಸಾಮಾನು ಮಾರುವುದೂ ತಪ್ಪಾಯಿತು. ಒಂದು ಲಕ್ಷಕ್ಕೂ ಹೆಚ್ಚು ಇಂಥ ಸಾಧನಗಳನ್ನು ಮಾರಿದ್ದ ಯೂಟಾ ರಾಜ್ಯದ ಎಚ್ ಅಂಡ್ ಎಸ್ ಪರ್ಫಾರ್ಮೆನ್ಸ್ ಕಂಪನಿಗೆ 2015ರಲ್ಲಿ ಹತ್ತು ಲಕ್ಷ ಡಾಲರ್ ದಂಡ ಬಿತ್ತು. ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯ 2020ರ ವರದಿಯ ಅಂದಾಜಿನಂತೆ, ಅದರ ಹಿಂದಿನ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಈ ಸಾಧನಗಳನ್ನು ತೆಗೆಯಲಾಗಿತ್ತು. ಆ ಗಾಡಿಗಳು ತಮ್ಮ ಬಾಳಿಕೆಯುದ್ದಕ್ಕೂ ಹೆಚ್ಚುವರಿಯಾಗಿ ಉಗುಳುವ ನೈಟ್ರೋಜನ್ ಆಕ್ಸೈಡ್ 5,70,000 ಟನ್. ಶ್ವಾಸಕೋಶವನ್ನು ಕೆಣಕುವ ಈ ಅನಿಲ ಯಾರ ಬೇಲಿಯನ್ನೂ ಕೇಳಿ ದಾಟುವುದಿಲ್ಲ. 'ನನ್ನ ಗಾಡಿ, ನನ್ನಿಷ್ಟ' ಎಂಬ ವಾದ ಸೋಲುವುದು ಇಲ್ಲಿ.

ಹಾಗೆಂದು ಕಂಪನಿಗಳೇನೂ ಸಾಚಾ ಅಲ್ಲ. ಅದೇ ಕಮಿನ್ಸ್ ತಯಾರಿಸಿದ 2013ರಿಂದ 2019ರವರೆಗಿನ ಸುಮಾರು 6,30,000 ರಾಮ್ ಟ್ರಕ್ ಎಂಜಿನ್‌ಗಳಲ್ಲಿ ಮಾಲಿನ್ಯ ನಿಯಂತ್ರಣವನ್ನು ವಂಚಿಸುವ ವ್ಯವಸ್ಥೆ ಇತ್ತೆಂದು ಸರ್ಕಾರ ಆರೋಪಿಸಿತು. ಕಮಿನ್ಸ್ ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ 2023ರ ಡಿಸೆಂಬರಿನಲ್ಲಿ ಪ್ರಕಟವಾದ ಒಪ್ಪಂದದಂತೆ 167.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಶುದ್ಧ ಗಾಳಿ ಕಾಯ್ದೆಯಡಿ ಅದುವರೆಗಿನ ಅತಿ ದೊಡ್ಡ ಸಿವಿಲ್ ದಂಡ ಅದು. ಜೊತೆಗೆ ಆ ಗಾಡಿಗಳನ್ನು ವಾಪಸು ಕರೆಸಿ ಸಾಫ್ಟ್‌ವೇರ್ ಬದಲಿಸಿಕೊಡುವ ಹೊಣೆಯೂ ಬಿತ್ತು. ಗಿರಾಕಿಯ ಸಾಫ್ಟ್‌ವೇರಿನಲ್ಲಿ ಕಳ್ಳ ಪ್ರೋಗ್ರಾಮ್ ಹುಡುಕುತ್ತಿದ್ದ ಸರ್ವಿಸ್ ವಿಭಾಗಕ್ಕೆ ಈಗ ಎಂಜಿನ್ ಮಾಡಿದವರದನ್ನೇ ತಿದ್ದುವ ಕೆಲಸ!

ಇತ್ತ 1989ರಿಂದ 1998ರವರೆಗಿನ ಹಳೆಯ ಕಮಿನ್ಸ್ ಟ್ರಕ್ಕುಗಳಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂದಿಗೂ ಬೇಡಿಕೆಯಿದೆ. ಪಂಪನ್ನು ಆಳುವ ಕಂಪ್ಯೂಟರ್ ಇಲ್ಲ, ಮಸಿ ಫಿಲ್ಟರಿಲ್ಲ. ವಾರಂಟಿ ಮುಗಿದು ಯಾವ ಕಾಲವಾಯಿತೋ.