ಮೂಳೆ ವಹನ ಶ್ರವಣ ಸಾಧನದ ಅಳವಡಿಕೆ: ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ
ಶಬ್ದವು ಕಿವಿಯ ನಾಳ, ತಮಟೆ ಹಾಗೂ ಮಧ್ಯಕಿವಿಯ ಮೂಲಕ ಒಳಕಿವಿಯನ್ನು ತಲುಪುತ್ತದೆ. ಈ ಮಾರ್ಗವು ಕೆಟ್ಟಿದ್ದು ಒಳಕಿವಿ ಸುಸ್ಥಿತಿಯಲ್ಲಿದ್ದಲ್ಲಿ, ತಲೆಬುರುಡೆಯ ಮೂಳೆಯ ಕಂಪನದ ಮೂಲಕ ಶಬ್ದವನ್ನು ಒಳಕಿವಿಗೆ ಮುಟ್ಟಿಸಬಹುದಾಗಿದೆ. ಇದಕ್ಕಾಗಿ ಕಿವಿಯ ಹಿಂಭಾಗದ ಮೂಳೆಗೆ ಟೈಟಾನಿಯಂ ತಿರುಪನ್ನು ಅಳವಡಿಸುವ ಚಿಕಿತ್ಸೆಯು 1977ರಲ್ಲಿ ಸ್ವೀಡನ್ ದೇಶದಲ್ಲಿ ಆರಂಭವಾಯಿತು. ಒಳಕಿವಿಯೇ ದುರ್ಬಲವಾದವರಿಗೆ ನೀಡುವ ಕಾಕ್ಲಿಯರ್ ಇಂಪ್ಲಾಂಟ್ ಇದಕ್ಕಿಂತ ಭಿನ್ನವಾದುದು.

ಯಾರಿಗೆ ಸೂಕ್ತ
1. ಹುಟ್ಟಿನಿಂದಲೇ ಹೊರಕಿವಿ ಅಥವಾ ಕಿವಿನಾಳ ಬೆಳೆಯದಿರುವವರು.
2. ಚಿಕಿತ್ಸೆಯ ನಂತರವೂ ಕಿವಿ ಸೋರುತ್ತಿದ್ದು, ಸಾಮಾನ್ಯ ಶ್ರವಣ ಸಾಧನವನ್ನು ಬಳಸಲಾಗದವರು.
3. ಒಂದು ಕಿವಿ ಪೂರ್ಣವಾಗಿ ಕೇಳಿಸದೆ, ಮತ್ತೊಂದು ಕಿವಿ ಚೆನ್ನಾಗಿರುವವರು.

ಫಲಿತಾಂಶಗಳು
ಮೊದಲ ಎರಡು ವರ್ಗದವರಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ಕಿವಿನಾಳವು ತೆರೆದಿರುವುದರಿಂದ ಸೋರುವಿಕೆಯೂ ಕಡಿಮೆಯಾಗಬಹುದು. ಮೂರನೆಯ ವರ್ಗದವರಿಗೆ ಕೇಳದ ಬದಿಯ ಮಾತು ಒಳ್ಳೆಯ ಕಿವಿಗೆ ತಲುಪುತ್ತದೆ. ಆದರೆ ಶಬ್ದವು ಯಾವ ದಿಕ್ಕಿನಿಂದ ಬಂದಿತೆಂದು ಗುರುತಿಸುವ ಶಕ್ತಿ ಮರಳುವುದಿಲ್ಲ. ಒಳಕಿವಿಯ ದೋಷ ಹೆಚ್ಚಿದಷ್ಟೂ ಪ್ರಯೋಜನ ಕಡಿಮೆಯಾಗುತ್ತದೆ. ಆದ್ದರಿಂದ ಮೂಳೆ ವಹನ ಶ್ರವಣ ಪರೀಕ್ಷೆಯ ವರದಿಯೇ ನಿರ್ಣಾಯಕವಾಗಿರುತ್ತದೆ.

ಪೂರ್ವ ಪ್ರಯೋಗ
ಶಸ್ತ್ರಚಿಕಿತ್ಸೆಗೆ ಮುನ್ನ ಸಾಧನವನ್ನು ತಲೆಪಟ್ಟಿಯಲ್ಲಿ ಧರಿಸಿ ಮನೆ, ಶಾಲೆ ಹಾಗೂ ತೋಟದ ಕೆಲಸದಲ್ಲಿ ಪರೀಕ್ಷಿಸತಕ್ಕದ್ದು. ಚರ್ಮವು ಕಂಪನವನ್ನು ಸುಮಾರು 10ರಿಂದ 15 ಡೆಸಿಬೆಲ್‌ನಷ್ಟು ತಗ್ಗಿಸುವುದರಿಂದ, ತಿರುಪಿನ ಅಳವಡಿಕೆಯ ನಂತರ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ಸಾಮಾನ್ಯವಾಗಿ 5 ವರ್ಷದೊಳಗಿನ ಮಕ್ಕಳಿಗೆ ಮೂಳೆ ತೆಳುವಾಗಿರುವುದರಿಂದ ತಲೆಪಟ್ಟಿಯನ್ನೇ ನೀಡಲಾಗುತ್ತದೆ.

ಮುನ್ನೆಚ್ಚರಿಕೆಗಳು
* ತಿರುಪು ಮೂಳೆಯೊಂದಿಗೆ ಬೆಸೆಯಲು ಕೆಲವು ವಾರಗಳಿಂದ 3 ತಿಂಗಳು ಬೇಕಾಗಬಹುದು. ಮಕ್ಕಳಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ.
* ಚರ್ಮದಿಂದ ಹೊರಚಾಚಿದ ತಿರುಪಿನ ಸುತ್ತ ಪ್ರತಿದಿನ ಶುಚಿಗೊಳಿಸದಿದ್ದಲ್ಲಿ ಸೋಂಕು ತಗಲಬಹುದು. ಕೆಲವರಲ್ಲಿ ತಿರುಪು ಸಡಿಲವಾಗಿ ಕಳಚುವುದೂ ಉಂಟು.
* ಮಲೆನಾಡಿನ ಮಳೆಗಾಲದಲ್ಲಿ ಸಾಧನವನ್ನು ರಾತ್ರಿ ತೇವ ಹೀರುವ ಪುಡಿಯಿರುವ ಡಬ್ಬಿಯಲ್ಲಿಡತಕ್ಕದ್ದು. ಸ್ನಾನಕ್ಕೆ ಮುನ್ನ ತೆಗೆದಿಡತಕ್ಕದ್ದು.
* ಎಂ.ಆರ್.ಐ. ಪರೀಕ್ಷೆಗೆ ಮುನ್ನ ಅಳವಡಿಕೆಯ ವಿಷಯವನ್ನು ತಿಳಿಸುವುದು ಕಡ್ಡಾಯ.

ಎಲ್ಲಿ ಸಂಪರ್ಕಿಸಬೇಕು
ತಾಲ್ಲೂಕು ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕಿವಿ, ಮೂಗು, ಗಂಟಲು ವಿಭಾಗವನ್ನು ಸಂಪರ್ಕಿಸಬಹುದು. ವಿವರವಾದ ಶ್ರವಣ ಪರೀಕ್ಷೆ ಹಾಗೂ ವಾಕ್ ತರಬೇತಿಗಾಗಿ 1965ರಲ್ಲಿ ಸ್ಥಾಪನೆಯಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಭೇಟಿ ನೀಡಬಹುದು.

ಪ್ರಮಾಣಪತ್ರ ಮತ್ತು ನೆರವು
ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವುಳ್ಳವರು ಮಂದ ಶ್ರವಣದವರು. 70 ಡೆಸಿಬೆಲ್ ನಷ್ಟವುಳ್ಳವರು ಕಿವುಡರು. ಒಂದೇ ಕಿವಿಯ ದೋಷವು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಯೋಜನೆಯ ನೆರವು ಈ ಸಾಧನಕ್ಕೂ ದೊರೆಯುವುದೆಂದು ಭಾವಿಸತಕ್ಕದ್ದಲ್ಲ. ಅಳವಡಿಕೆ, ಹೊರಭಾಗದ ಸಾಧನ, ಬ್ಯಾಟರಿ ಹಾಗೂ ದುರಸ್ತಿಯ ವೆಚ್ಚವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಆಸ್ಪತ್ರೆಯಿಂದ ಲಿಖಿತವಾಗಿ ಪಡೆಯತಕ್ಕದ್ದು.